ಡಿಮ್ಮರ್ ದಾಟಿದ ವೈರಿಗೆ ಫ್ಯಾನ್ ಕಟ್ಟಬೇಡಿ

ಮನೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಮಿತ್ರರಿಗೊಂದು ಬಹಿರಂಗ ಪತ್ರ

ಪ್ರಿಯ ಮಿತ್ರರೇ,

ಬಾತ್‌ರೂಮಿನ ಲೈಟಿಗೆ ಡಿಮ್ಮರ್ ಹಾಕಿಕೊಡಿ ಎಂದು ಮನೆಯವರು ನಿಮ್ಮನ್ನು ಈಗೀಗ ಕೇಳುತ್ತಿದ್ದಾರೆ. ಒಂದು ಕಾಲಕ್ಕೆ ಹಾಲಿನ ಅಲಂಕಾರದ ದೀಪಗಳಿಗಷ್ಟೇ ಇದ್ದ ಈ ಪದಾರ್ಥ ಫಾಲ್ಸ್ ಸೀಲಿಂಗ್ ಜೊತೆಗೆ ಬಚ್ಚಲುಮನೆಗೂ ಬಂದಿದೆ. ಆ ಬೇಡಿಕೆಯನ್ನು ಶೋಕಿ ಎಂದು ತಳ್ಳಿಹಾಕಬೇಡಿ. ನಡುರಾತ್ರಿ ಎದ್ದ ವಯಸ್ಸಾದವರಿಗೆ ಕಣ್ಣು ಕುಕ್ಕುವ ಬೆಳಕು ಬೇಡ, ಹಾಗೆಂದು ಕತ್ತಲೆಯಲ್ಲಿ ಒದ್ದೆ ನೆಲದ ಮೇಲೆ ಕಾಲಿಡಲೂ ಆಗದು. ಅವರಿಗೆ ಮಂದ ಬೆಳಕು ಬೇಕು. ಬೆಳಿಗ್ಗೆ ಗಡ್ಡ ಹೆರೆಯುವವರಿಗೆ, ಮಗುವಿಗೆ ಸ್ನಾನ ಮಾಡಿಸುವವರಿಗೆ ಪೂರ್ತಿ ಬೆಳಕು ಬೇಕು. ಒಂದೇ ದೀಪದಿಂದ ಎರಡೂ ಆಗುವುದಾದರೆ ಬೇಡವೆನ್ನಲು ಕಾರಣವಿಲ್ಲ.

ಆದರೆ ಅದೇ ಕೋಣೆಯಲ್ಲಿ ಎಕ್ಸಾಸ್ಟ್ ಫ್ಯಾನೂ ಇರುತ್ತದೆ. ಈ ಪತ್ರ ಬರೆಯುತ್ತಿರುವುದು ಆ ಫ್ಯಾನಿನ ಪರವಾಗಿ. ಐಟಿಐ ಹುಡುಗರಿಗೆ ವರ್ಷಗಟ್ಟಲೆ ವೈರಿಂಗ್ ಕಲಿಸಿದವನು ನಾನು. ನನ್ನ ಕೋರಿಕೆ ಒಂದೇ: ಫ್ಯಾನಿನ ಫೇಸನ್ನು ಡಿಮ್ಮರ್‌ಗಿಂತ ಮೊದಲೇ ತೆಗೆಯಿರಿ. ಡಿಮ್ಮರ್ ದಾಟಿ ಬಂದ ವೈರ್ ದೀಪಕ್ಕೆ ಮಾತ್ರ ಹೋಗಲಿ.

ಬೇಕೆಂದೇ ಫ್ಯಾನನ್ನು ಡಿಮ್ಮರ್‌ಗೆ ಕಟ್ಟುವ ಎಲೆಕ್ಟ್ರಿಷಿಯನ್ ಅಪರೂಪ. ತಪ್ಪು ಬೇರೆ ದಾರಿಯಲ್ಲಿ ನುಸುಳುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಬಾತ್‌ರೂಮಿನ ಲೈಟು, ಎಕ್ಸಾಸ್ಟ್ ಫ್ಯಾನು ಎರಡಕ್ಕೂ ಒಂದೇ ಸ್ವಿಚ್. ಬೋರ್ಡಿನಿಂದ ಒಂದೇ ಫೇಸ್ ಮೇಲೆ ಹೋಗಿ ಸೀಲಿಂಗಿನ ಜಂಕ್ಷನ್ ಬಾಕ್ಸಿನಲ್ಲಿ ಎರಡಾಗಿ ಒಡೆಯುತ್ತದೆ. ಲೈಟ್ ಹಾಕಿದರೆ ಫ್ಯಾನ್ ತಾನಾಗಿ ತಿರುಗುತ್ತದೆ, ಆರಿಸಿದರೆ ನಿಲ್ಲುತ್ತದೆ. ಕೆಲವು ವರ್ಷಗಳ ನಂತರ ಮನೆಯವರು ಒಂದು ಡಿಮ್ಮರ್ ಮಾಡ್ಯೂಲ್ ತಂದು ಕೈಗಿಡುತ್ತಾರೆ. ನೀವು ಹಳೆಯ ಸ್ವಿಚ್ ಬಿಚ್ಚಿ, ಅದಕ್ಕಿದ್ದ ಎರಡು ವೈರುಗಳನ್ನೇ ಇದಕ್ಕೆ ಸಿಕ್ಕಿಸುತ್ತೀರಿ. ಲೈಟ್ ಹತ್ತುತ್ತದೆ, ಇಳಿಯುತ್ತದೆ, ಏರುತ್ತದೆ. ಮೇಲೆ ಫ್ಯಾನೂ ಅದೇ ವೈರಿನಲ್ಲಿ ನೇತಾಡುತ್ತಿದೆ ಎಂಬುದು ಬೋರ್ಡು ನೋಡಿದವರಿಗೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಬಾತ್‌ರೂಮಿನಲ್ಲಿ ಡಿಮ್ಮರ್ ಕೂರಿಸುವ ಮುನ್ನ ಆ ಸ್ವಿಚ್ ಒತ್ತಿ ಏನೇನು ಚಾಲೂ ಆಗುತ್ತದೆ ಎಂದು ಒಮ್ಮೆ ನೋಡಿ. ಅರ್ಧ ನಿಮಿಷದ ಕೆಲಸ.

ಫ್ಯಾನಿಗೆ ಇದರಿಂದ ಆಗುವುದೇನು? ಡಿಮ್ಮರ್ ಹುಟ್ಟಿದ್ದು ತಂತಿಯ ಬಲ್ಬಿಗಾಗಿ. ಗೋಡೆಯ ಸ್ವಿಚ್ ಪೆಟ್ಟಿಗೆಯೊಳಗೆ ಕೂರುವಷ್ಟು ಚಿಕ್ಕ ಡಿಮ್ಮರನ್ನು ಜೋಯಲ್ ಸ್ಪೈರಾ ನ್ಯೂಯಾರ್ಕ್‌ನಲ್ಲಿ ರೂಪಿಸಿದ್ದು 1959ರಲ್ಲಿ. ಆಗ ಮನೆಯ ದೀಪವೆಂದರೆ ಹೆಚ್ಚಾಗಿ ಫಿಲಮೆಂಟ್ ಬಲ್ಬೇ. ನಮ್ಮಲ್ಲೂ 1936ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಸೂರು ಲ್ಯಾಂಪ್ ಕಾರ್ಖಾನೆಯ ಬಲ್ಬುಗಳು ಮನೆಮನೆಯಲ್ಲಿ ಉರಿದದ್ದು ಅದೇ ಬಗೆಯವು. ಬಿಸಿಯಾದ ತಂತಿ ಬೆಳಗುತ್ತದೆ, ಕರೆಂಟನ್ನು ತುಂಡುತುಂಡಾಗಿ ಕೊಟ್ಟರೂ ಅದಕ್ಕೆ ಬೇಸರವಿಲ್ಲ. ಡಿಮ್ಮರ್ ಮಾಡುವುದು ಅದನ್ನೇ. ನಮ್ಮ 230 ವೋಲ್ಟ್, 50 ಹರ್ಟ್ಸ್ ಸರಬರಾಜಿನಲ್ಲಿ ಅಲೆಯ ಪ್ರತಿ ಅರ್ಧಭಾಗ 10 ಮಿಲಿಸೆಕೆಂಡಿನದು. ಟ್ರಯಾಕ್ ಇರುವ ಡಿಮ್ಮರ್ ಅದರ ಮೊದಲ ಭಾಗವನ್ನು ತಡೆದು, ಆಮೇಲೆ ತಟ್ಟನೆ ಬಿಡುತ್ತದೆ. ಇದು ಸೆಕೆಂಡಿಗೆ 100 ಸಲ ನಡೆಯುತ್ತದೆ.

ಮೋಟರ್ ತಂತಿಯ ಬಲ್ಬಲ್ಲ. ಅದಕ್ಕೆ ನಯವಾದ, ಪೂರ್ತಿ ಅಲೆ ಬೇಕು. ಕತ್ತರಿಸಿದ ಅಲೆ ಕೊಟ್ಟರೆ ಮೊದಲು ಗುಂಯ್‌ಗುಡುತ್ತದೆ. ಬಾತ್‌ರೂಮಿನ ಸಣ್ಣ ಎಕ್ಸಾಸ್ಟ್ ಫ್ಯಾನುಗಳಲ್ಲಿ ಇರುವುದು ಹೆಚ್ಚಾಗಿ ಇಂಡಕ್ಷನ್ ಮೋಟರ್. ಅದರ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಸಿಯುತ್ತದೆ. ವೋಲ್ಟೇಜ್ ಅರ್ಧವಾದರೆ ಬಲ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ರಾತ್ರಿ ಲೈಟನ್ನು ಮಂದಗೊಳಿಸಿಟ್ಟು, ಬೆಳಿಗ್ಗೆ ಅದೇ ಮಟ್ಟದಲ್ಲಿ ಮತ್ತೆ ಹಾಕಿದರೆ ಫ್ಯಾನು ಹೊರಡಲಾರದೆ ನಿಂತುಬಿಡಬಹುದು. ಬೇರಿಂಗಿನಲ್ಲಿ ಧೂಳೂ ತೇವವೂ ಸೇರಿ ಜಿಗಟಾಗಿದ್ದರಂತೂ ಹೇಳುವುದೇ ಬೇಡ. ನಿಂತ ಮೋಟರಿನ ಕಾಯಿಲ್ ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದದ್ದೆಲ್ಲ ಶಾಖವಾಗುತ್ತದೆ, ತಂಪು ಮಾಡಿಕೊಳ್ಳಲು ಗಾಳಿಯೂ ಇಲ್ಲ. ಒಳಗೆ ಥರ್ಮಲ್ ಫ್ಯೂಸ್ ಇದ್ದರೆ ಅದು ಹಾರಿ ಫ್ಯಾನ್ ಸಾಯುತ್ತದೆ. ಇಲ್ಲದಿದ್ದರೆ ಕಾಯಿಲ್ ಸುಡುತ್ತದೆ. ಆ ಫ್ಯಾನಿರುವುದು ಪಿವಿಸಿ ಹಲಗೆಯ ಸೀಲಿಂಗಿನೊಳಗೆ ಎಂಬುದನ್ನು ನೆನಪಿಡಿ.

ಡಿಮ್ಮರ್‌ಗೂ ಸುಖವಿಲ್ಲ. ಮೋಟರಿನಲ್ಲಿ ಕರೆಂಟು ವೋಲ್ಟೇಜಿನ ಹಿಂದೆ ಬೀಳುತ್ತದೆ. ಅದರಿಂದ ಟ್ರಯಾಕ್ ಸರಿಯಾದ ಹೊತ್ತಿಗೆ ಆರಲಾರದೆ ಲೆಕ್ಕ ತಪ್ಪುತ್ತದೆ. ಒಮ್ಮೊಮ್ಮೆ ಅಲೆಯ ಒಂದು ಪಕ್ಕವನ್ನಷ್ಟೇ ಬಿಡತೊಡಗುತ್ತದೆ, ಆಗ ಮೋಟರಿಗೆ ಡಿಸಿ ಬೆರೆತ ಕರೆಂಟು ಹೋಗಿ ಬಿಸಿ ಇನ್ನೂ ಏರುತ್ತದೆ. ಎಲ್‌ಇಡಿಗೆಂದೇ ಬರುವ ಟ್ರೇಲಿಂಗ್ ಎಡ್ಜ್ ಡಿಮ್ಮರುಗಳು ಅಲೆಯ ಕೊನೆಯನ್ನು ಕತ್ತರಿಸುತ್ತವೆ. ಹರಿಯುತ್ತಿರುವ ಕರೆಂಟನ್ನು ನಡುವೆ ಕಡಿದರೆ ಮೋಟರಿನ ಕಾಯಿಲ್ ದೊಡ್ಡ ವೋಲ್ಟೇಜ್ ಏಟನ್ನು ವಾಪಸ್ ಕೊಡುತ್ತದೆ. ಆ ಏಟಿಗೆ ಡಿಮ್ಮರಿನ ಒಳಗಿನ ಮಾಸ್‌ಫೆಟ್ ಹೋಗುತ್ತದೆ, ಅದೇ ವೈರಿನಲ್ಲಿರುವ ಎಲ್‌ಇಡಿ ಡ್ರೈವರಿಗೂ ಪೆಟ್ಟು ತಾಗುತ್ತದೆ. ಲೈಟು ಮಿಣುಕುತ್ತಿದೆ ಎಂದು ಮನೆಯವರು ಬಲ್ಬನ್ನು ಬೈಯುತ್ತಾರೆ, ಬಲ್ಬು ಬದಲಿಸುತ್ತಾರೆ, ಮತ್ತೆ ಅದೇ ಪಾಡು. ಬಿಎಲ್‌ಡಿಸಿ ಫ್ಯಾನಾದರೂ ಇದಕ್ಕೆ ಹೊರತಲ್ಲ, ಅದರ ಎಲೆಕ್ಟ್ರಾನಿಕ್ ಬೋರ್ಡಿಗೂ ಪೂರ್ತಿ ಅಲೆಯೇ ಬೇಕು.

ಇದಕ್ಕೆಲ್ಲ ಪರಿಹಾರ ಬಹಳ ಸರಳ. ನೀರಿನ ಮೇನ್ ಪೈಪಿನಿಂದ ಎರಡು ಕವಲು ತೆಗೆದು ಒಂದಕ್ಕೆ ಮಾತ್ರ ವಾಲ್ವ್ ಕೂರಿಸುವ ಹಾಗೆ. ಹೊಸ ಮನೆಯಾದರೆ ಮೂರು ಬಗೆಯಲ್ಲಿ ಇದನ್ನು ಮಾಡಬಹುದು.

ಮೊದಲನೆಯದು, ಎಲ್ಲಕ್ಕಿಂತ ಒಳ್ಳೆಯದು: ಫ್ಯಾನಿಗೆ ಬೇರೆ ಸ್ವಿಚ್, ಲೈಟಿಗೆ ಬೇರೆ ಡಿಮ್ಮರ್. ಬೋರ್ಡಿಗೆ ಬರುವ ಫೇಸನ್ನು ಎರಡಕ್ಕೂ ಲೂಪ್ ಮಾಡಿ. ಅಲ್ಲಿಂದ ಮೇಲೆ ಫ್ಯಾನಿನ ಫೇಸ್, ಲೈಟಿನ ಫೇಸ್, ನ್ಯೂಟ್ರಲ್, ಅರ್ಥ್ ಹೀಗೆ ನಾಲ್ಕು ವೈರ್ ಹೋಗಲಿ. ಎರಡೂ ಫೇಸ್‌ಗಳಿಗೆ ಬೇರೆ ಬೇರೆ ಬಣ್ಣ ಬಳಸಿ, ತುದಿಗೆ ಟೇಪು ಸುತ್ತಿ ಯಾವುದು ಡಿಮ್ಮರಿನದು ಎಂದು ಬರೆಯಿರಿ. ನಾಳೆ ಬಾಕ್ಸ್ ಬಿಚ್ಚುವವರು ನೀವಲ್ಲದೆ ಇನ್ನೊಬ್ಬರಿರಬಹುದು.

ಎರಡನೆಯದು: ಒಂದೇ ಸ್ವಿಚ್ಚಿಗೆ ಎರಡೂ ಚಾಲೂ ಆಗಬೇಕು ಎಂದು ಮನೆಯವರು ಹಟ ಹಿಡಿದರೆ, ಸ್ವಿಚ್ ಮೊದಲು ಬರಲಿ, ಡಿಮ್ಮರ್ ಆಮೇಲೆ. ಸ್ವಿಚ್ಚಿನಿಂದ ಹೊರಟ ಫೇಸನ್ನು ಬೋರ್ಡಿನಲ್ಲೇ ಎರಡು ಮಾಡಿ. ಒಂದು ನೇರವಾಗಿ ಫ್ಯಾನಿಗೆ, ಇನ್ನೊಂದು ಡಿಮ್ಮರ್ ಮೂಲಕ ಲೈಟಿಗೆ. ಲೈಟು ಎಷ್ಟೇ ಮಂದವಾದರೂ ಫ್ಯಾನಿಗೆ ಪೂರ್ತಿ 230 ವೋಲ್ಟ್ ಸಿಗುತ್ತದೆ. ಡಿಮ್ಮರಿನಲ್ಲೇ ಆನ್-ಆಫ್ ಇದೆಯಲ್ಲ, ಬೇರೆ ಸ್ವಿಚ್ ಯಾಕೆ ಎಂದು ಕೇಳುತ್ತಾರೆ. ಆ ಆನ್-ಆಫ್ ಇರುವುದು ಡಿಮ್ಮರಿನ ಒಳಗೆ. ಅದನ್ನು ದಾಟಿ ಹೊರಬರುವುದು ಕತ್ತರಿಸಿದ ಅಲೆಯೇ. ಫ್ಯಾನಿಗೆ ಬೇಕಾದ ಫೇಸ್ ಅಲ್ಲಿ ಸಿಗುವುದಿಲ್ಲ.

ಮೂರನೆಯದು ಟೈಮರ್. ಸ್ನಾನ ಮುಗಿಸಿ ಲೈಟ್ ಆರಿಸಿದ ಮೇಲೂ ಫ್ಯಾನು ಕಾಲು ಗಂಟೆ ಓಡಿದರೆ ಗೋಡೆಯ ಹಬೆ ನಿಜವಾಗಿ ಹೊರಹೋಗುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಬಟ್ಟೆಯೇ ಒಣಗದ ಮನೆಗಳಿಗೆ ಇದು ವರದಾನ. ಸೀಲಿಂಗಿನ ಮೂಲೆಯ ಕಪ್ಪು ಬೂಷ್ಟು ಹೋಗುವುದು ಬಣ್ಣ ಬಳಿದಾಗಲ್ಲ, ತೇವ ಹೋದಾಗ. ಇಂಥ ಟೈಮರಿಗೆ ಸದಾ ಇರುವ ಒಂದು ಫೇಸ್, ಸ್ವಿಚ್ಚಿನಿಂದ ಬರುವ ಸೂಚನೆಯ ಫೇಸ್, ನ್ಯೂಟ್ರಲ್ ಮೂರೂ ಬೇಕು. ಸೂಚನೆಯ ಫೇಸನ್ನು ಎಲ್ಲಿಂದ ತೆಗೆಯುತ್ತೀರಿ ಎಂಬುದೇ ಮುಖ್ಯ. ಅದೂ ಡಿಮ್ಮರ್‌ಗೆ ಮೊದಲೇ ಬರಬೇಕು. ಡಿಮ್ಮರ್ ದಾಟಿದ ಅಲೆ ಕೊಟ್ಟರೆ ಟೈಮರಿನ ಸರ್ಕ್ಯೂಟು ಗೊಂದಲಕ್ಕೆ ಬಿದ್ದು ಫ್ಯಾನು ನಿಲ್ಲುವುದೂ ಹೊರಡುವುದೂ ಮನಸ್ಸಿಗೆ ಬಂದಂತೆ ಆಗುತ್ತದೆ.

ಹಳೆಯ ಮನೆಯಲ್ಲಿ ಟೈಲ್ಸ್ ಹಾಕಿ ಮುಗಿದಿರುತ್ತದೆ, ಗೋಡೆ ಕೊರೆಯುವಂತಿಲ್ಲ. ಮೊದಲು ಪೈಪಿನಲ್ಲಿ ಇನ್ನೊಂದು 1.5 ಚದರ ಮಿ.ಮೀ. ವೈರಿಗೆ ಜಾಗವಿದೆಯೇ ನೋಡಿ. ಇರುವ ವೈರಿಗೇ ಹೊಸ ವೈರ್ ಕಟ್ಟಿ ಎಳೆದರೆ ಎಷ್ಟೋ ಕಡೆ ಬಂದುಬಿಡುತ್ತದೆ. ಬಾರದಿದ್ದರೆ ಗೋಡೆಯ ಡಿಮ್ಮರನ್ನೇ ಕೈಬಿಡಿ. ಬೆಳಕನ್ನು ತಮ್ಮೊಳಗೇ ಇಳಿಸಿಕೊಳ್ಳುವ ಎಲ್‌ಇಡಿ ದೀಪಗಳಿವೆ. ಕೆಲವು ರಿಮೋಟಿನಿಂದ, ಫೋನಿನಿಂದ ನಡೆಯುತ್ತವೆ. ಕೆಲವು ಅದೇ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕಿದರೆ ಮುಂದಿನ ಮಟ್ಟಕ್ಕೆ ಹೋಗುತ್ತವೆ. ಇವುಗಳಿಗೆ ಹೋಗುವ ವೈರಿನಲ್ಲಿ ಅಲೆ ಪೂರ್ತಿಯಾಗಿಯೇ ಇರುವುದರಿಂದ ಪಕ್ಕದ ಫ್ಯಾನಿಗೆ ಏನೂ ತೊಂದರೆಯಿಲ್ಲ. ರಾತ್ರಿಗೆ ಮಂದ ಬೆಳಕು ಸಿಕ್ಕರೆ ಸಾಕು ಎನ್ನುವವರಿಗೆ ಬಾಗಿಲ ಹೊರಗೆ ಒಂದು ಪುಟ್ಟ ರಾತ್ರಿದೀಪ ಹಾಕಿಕೊಡುವುದೂ ಒಳ್ಳೆಯ ಪರಿಹಾರವೇ.

ಡಿಮ್ಮರ್ ಆರಿಸುವಾಗಲೂ ಒಂದು ಮಾತು. ದೀಪದ ಪೆಟ್ಟಿಗೆಯ ಮೇಲೆ ಡಿಮ್ಮಬಲ್ ಎಂದು ಬರೆದಿರಬೇಕು, ಡಿಮ್ಮರಿನ ಮೇಲೆ ಎಲ್‌ಇಡಿಗೆಂದೇ ಬರೆದ ವಾಟ್ ನೋಡಬೇಕು. 400 ವಾಟ್ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಫಿಲಮೆಂಟ್ ಬಲ್ಬಿನ ಲೆಕ್ಕ ಇರಬಹುದು. ಕನಿಷ್ಠ ಲೋಡ್ ಎಷ್ಟು ಎಂಬುದನ್ನೂ ಓದಿ. 6 ವಾಟಿನ ನಾಲ್ಕು ಡೌನ್‌ಲೈಟ್ ಸೇರಿ ಆಗುವುದು 24 ವಾಟ್. ಕನಿಷ್ಠ 40 ವಾಟ್ ಬೇಡುವ ಡಿಮ್ಮರ್ ಅಷ್ಟಕ್ಕೆ ಸರಿಯಾಗಿ ಕೆಲಸ ಮಾಡದೆ ಮಿಣುಕುತ್ತದೆ. ಆಗ ಲೋಡ್ ಹೆಚ್ಚಲಿ ಎಂದು ಫ್ಯಾನನ್ನೂ ಅದಕ್ಕೇ ಸೇರಿಸುವುದು ಮದ್ದಲ್ಲ. ಎಲ್‌ಇಡಿಗೆ ಹೊಂದುವ ಡಿಮ್ಮರ್ ತರಿಸಿ. ಸೀಲಿಂಗ್ ಫ್ಯಾನಿನ ರೆಗ್ಯುಲೇಟರನ್ನು ಲೈಟಿಗೆ, ಲೈಟಿನ ಡಿಮ್ಮರನ್ನು ಫ್ಯಾನಿಗೆ ಹಾಕುವ ಅಭ್ಯಾಸವೂ ಬೇಡ. ನೋಡಲು ಒಂದೇ ಥರದ ಗುಂಡಿಯಾದರೂ ಒಳಗಿನ ಕೆಲಸ ಬೇರೆ. ಎಲ್ಲವೂ ಸರಿಯಿದ್ದೂ ಫ್ಯಾನ್ ಆರಿಸಿದ ಗಳಿಗೆಯಲ್ಲಿ ಲೈಟ್ ಮಿಣುಕಿದರೆ, ಫ್ಯಾನಿನ ಎರಡು ತುದಿಗಳ ನಡುವೆ ಮೇನ್ಸ್‌ಗೆಂದೇ ತಯಾರಾದ ಸ್ನಬ್ಬರ್ ಹಾಕಿ. 100 ಓಮ್, 0.1 ಮೈಕ್ರೋಫ್ಯಾರಡ್ ಸೇರಿದ ಸಣ್ಣ ಪದಾರ್ಥ ಅದು.

ಇನ್ನು ನ್ಯೂಟ್ರಲ್. ಸ್ಮಾರ್ಟ್ ಡಿಮ್ಮರ್, ಟೈಮರುಗಳಿಗೆ ಬೋರ್ಡಿನಲ್ಲೇ ನ್ಯೂಟ್ರಲ್ ಬೇಕು. ಹಳೆಯ ಬೋರ್ಡುಗಳಲ್ಲಿ ಅದು ಇರುವುದಿಲ್ಲ. ಪಕ್ಕದ ಕೋಣೆಯ ಸರ್ಕ್ಯೂಟಿನಿಂದ ಎರವಲು ತರುವವರಿದ್ದಾರೆ. ಒಂದು ಸರ್ಕ್ಯೂಟಿನ ಫೇಸು ಇನ್ನೊಂದರ ನ್ಯೂಟ್ರಲ್‌ನಲ್ಲಿ ವಾಪಸಾದರೆ, ಎರಡಕ್ಕೂ ಬೇರೆ ಬೇರೆ ಆರ್‌ಸಿಸಿಬಿ ಇರುವ ಮನೆಯಲ್ಲಿ ಅದು ಟ್ರಿಪ್ ಆಗುತ್ತದೆ. ಮೇನ್ ಆಫ್ ಮಾಡದೆ ಒಂದು ಎಂಸಿಬಿ ಇಳಿಸಿ ಕೆಲಸಕ್ಕಿಳಿದವರಿಗೆ ಆ ನ್ಯೂಟ್ರಲ್ ಬಿಚ್ಚಿದಾಗ ಶಾಕ್ ಹೊಡೆಯುತ್ತದೆ. ಇದಕ್ಕಿಂತ ಕೆಟ್ಟದ್ದು ಅರ್ಥ್ ವೈರನ್ನೇ ನ್ಯೂಟ್ರಲ್ ಮಾಡಿಕೊಳ್ಳುವುದು. ದಯವಿಟ್ಟು ಯಾವ ಮನೆಯಲ್ಲೂ, ಯಾರ ಒತ್ತಾಯಕ್ಕೂ ಹಾಗೆ ಮಾಡಬೇಡಿ. ಮುಂದೆಂದೋ ಆ ಅರ್ಥ್ ಎಲ್ಲಾದರೂ ಕಡಿದರೆ, ಅದಕ್ಕೆ ಸೇರಿದ ಫ್ಯಾನಿನ ಲೋಹದ ಬಾಡಿ, ಗೀಜರಿನ ಬಾಡಿ ಎಲ್ಲಕ್ಕೂ ಕರೆಂಟು ಬರುತ್ತದೆ. ಒದ್ದೆ ಮೈಯಲ್ಲಿ ನಿಂತವರ ಚರ್ಮ ಆ ಕರೆಂಟನ್ನು ತಡೆಯುವುದಿಲ್ಲ.

ಬಾತ್‌ರೂಮಿನ ಸರ್ಕ್ಯೂಟುಗಳಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಡಿಮ್ಮರಿನಂಥ ಎಲೆಕ್ಟ್ರಾನಿಕ್ ಸಾಮಾನುಗಳಿರುವಲ್ಲಿ ಟೈಪ್ ಎ ಆದರೆ ಒಳ್ಳೆಯದು, ಕತ್ತರಿಸಿದ ಅಲೆಯ ಸೋರಿಕೆಯನ್ನೂ ಅದು ಗುರುತಿಸುತ್ತದೆ. ಅದು ಪದೇಪದೇ ಬಿದ್ದರೆ ಸೋರಿಕೆ ಎಲ್ಲಿದೆ ಎಂದು ಹುಡುಕಿ. ಬೈಪಾಸ್ ಮಾಡಿ ಹೊರಟುಬಿಟ್ಟರೆ ಆ ಮನೆಯವರನ್ನು ಕಾವಲಿಲ್ಲದೆ ಬಿಟ್ಟಂತೆ. ಕೆಲಸ ಮುಗಿಸಿ ಹೊರಡುವ ಮುನ್ನ ಟೆಸ್ಟ್ ಬಟನ್ ಒತ್ತಿ ತೋರಿಸಿ, ಆಗಾಗ ಹೀಗೆ ಒತ್ತಿ ನೋಡಿ ಎಂದು ಮನೆಯಾಕೆಗೂ ಹೇಳಿ.

ಡಿಮ್ಮರ್ ಎಲ್ಲಿರಬೇಕು? ಸ್ವಿಚ್ ಬೋರ್ಡನ್ನು ಬಚ್ಚಲ ಬಾಗಿಲಿನ ಹೊರಗಿಡುವ ನಮ್ಮ ಹಳೆಯ ರೂಢಿಯೇ ಸರಿಯಾದದ್ದು. ಹಬೆ ಒಳನುಗ್ಗಿದರೆ ಡಿಮ್ಮರಿನ ಬೋರ್ಡು ಕೆಡುತ್ತದೆ, ಒದ್ದೆ ಕೈ ಅದರ ಮೇಲೆ ಬೀಳುವುದೂ ಬೇಡ. ರಾತ್ರಿ ಎದ್ದವರಿಗೂ ಕಾಲಿಡುವ ಮೊದಲೇ ಬೆಳಕು ಸಿಗುತ್ತದೆ. ಶವರ್, ಟಬ್ಬುಗಳ ಸುತ್ತಲಿನ ಜಾಗವನ್ನು ವಲಯಗಳಾಗಿ ಭಾಗಿಸಿ, 2.25 ಮೀಟರ್ ಎತ್ತರದವರೆಗೆ ಮಾಮೂಲಿ ಸ್ವಿಚ್ಚುಗಳನ್ನು ದೂರವಿಡುವ ನಿಯಮ ಇರುವುದೂ ಇದೇ ಕಾರಣಕ್ಕೆ. ನೀರು ಸಿಡಿಯುವಷ್ಟು ಹತ್ತಿರ ಲೈಟೋ ಫ್ಯಾನೋ ಬರುವುದಾದರೆ ಕನಿಷ್ಠ ಐಪಿಎಕ್ಸ್4 ಗುರುತಿರುವುದನ್ನೇ ಹಾಕಿ. ಮತ್ತೆ, ಗಾಳಿ ಹೊರಹೋಗಬೇಕಾದರೆ ಒಳಬರಲು ದಾರಿ ಬೇಕು. ಬಾಗಿಲ ಕೆಳಗೆ ಒಂದು ಸೆಂಟಿಮೀಟರಿನಷ್ಟಾದರೂ ಸಂದು ಬಿಡಿ ಎಂದು ಬಡಗಿಗೆ ಹೇಳಿ.

ಒಂದು ವಿಷಯದಲ್ಲಿ ಮಾತ್ರ ಫ್ಯಾನನ್ನು ನಂಬಬೇಡಿ. ಗ್ಯಾಸ್ ಗೀಜರನ್ನು ಬಾತ್‌ರೂಮಿನೊಳಗೇ ಇಟ್ಟು, ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋದ ಸುದ್ದಿಗಳನ್ನು ನಮ್ಮ ರಾಜ್ಯದ ಪತ್ರಿಕೆಗಳಲ್ಲೇ ಮತ್ತೆಮತ್ತೆ ಓದಿದ್ದೇವೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿ ಒಳಬರುವ ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನು ಎಳೆದರೆ ಸುಟ್ಟ ಗಾಳಿ ಹೊಗೆಕೊಳವೆಯಿಂದ ಹಿಂದಕ್ಕೆ ಬರಲೂಬಹುದು. ಗ್ಯಾಸ್ ಗೀಜರ್ ಹೊರಗೇ ಇರಬೇಕು. ಒಳಗೆ ಕಂಡರೆ ವೈರಿಂಗ್ ನಿಮ್ಮ ಕೆಲಸ, ಗೀಜರ್ ಇನ್ಯಾರದೋ ಕೆಲಸ ಎಂದು ಸುಮ್ಮನಾಗಬೇಡಿ. ಮನೆಯವರಿಗೆ ಬಿಡಿಸಿ ಹೇಳಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಕಂಟ್ರಾಕ್ಟರ್ ಪಾಯಿಂಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ, ಇನ್ನೊಂದು ವೈರ್ ಎಳೆದರೆ ಅದಕ್ಕೆ ಲೆಕ್ಕವಿಲ್ಲ ಎನ್ನುತ್ತಾರೆ. ಆದರೆ ಪ್ಲಾಸ್ಟರಿಂಗ್‌ಗೆ ಮೊದಲು ಹಾಕುವ ಆ ಒಂದು ವೈರಿನ ಬೆಲೆ ಮುಂದೆ ಟೈಲ್ಸ್ ಒಡೆಯುವ ಖರ್ಚಿನ ಮುಂದೆ ಏನೂ ಅಲ್ಲ. ಈ ಮಾತನ್ನು ಮನೆಯವರ ಎದುರಿಗೇ ಹೇಳಿ. ಕಾರಣ ಗೊತ್ತಾದರೆ ಬೇಡವೆನ್ನುವವರು ಕಡಿಮೆ. ಬಲ್ಬು, ಸ್ವಿಚ್, ಫ್ಯಾನುಗಳನ್ನು ಇದ್ದದ್ದು ಇದ್ದಂತೆ ಬದಲಿಸಲು ಕಾನೂನು ಎಲ್ಲರಿಗೂ ಬಿಟ್ಟಿದೆ. ವೈರಿಂಗಿನ ಸ್ವರೂಪವನ್ನೇ ಬದಲಿಸುವ ಕೆಲಸವನ್ನು ಪರವಾನಗಿ ಪಡೆದವರಿಗೆ ಮೀಸಲಿಟ್ಟಿದೆ. ಫ್ಯಾನು ಮತ್ತು ಲೈಟನ್ನು ಬೇರೆ ಮಾಡುವುದು ಈ ಎರಡನೆಯ ಸಾಲಿಗೆ ಸೇರಿದ್ದು. ಆ ನಂಬಿಕೆಗೆ ತಕ್ಕ ಕೆಲಸ ನಮ್ಮಿಂದ ಆಗಬೇಕು.

ಮುಂದಿನ ಸಲ ಬಾತ್‌ರೂಮಿನ ಬೋರ್ಡು ಬಿಚ್ಚಿದಾಗ ಮೇನ್ ಆಫ್ ಮಾಡಿ, ಟೆಸ್ಟರ್ ಹಚ್ಚಿ ನೋಡಿ, ಆಮೇಲೆ ಫ್ಯಾನಿನ ವೈರ್ ಎಲ್ಲಿಂದ ಹೊರಟಿದೆ ಎಂದು ಹುಡುಕಿ. ಡಿಮ್ಮರಿನ ಆಚೆಯಿಂದ ಹೊರಟಿದ್ದರೆ ಅಂದೇ ಸರಿಮಾಡಿ. ನಿಮ್ಮ ಕೈಕೆಳಗೆ ಕಲಿಯುತ್ತಿರುವ ಹುಡುಗನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು, ಯಾಕೆ ಎಂದು ವಿವರಿಸಿ ಮಾಡಿ. ಇಷ್ಟು ನನ್ನ ಬಿನ್ನಹ.

ಇಂತಿ ನಿಮ್ಮ ವಿಶ್ವಾಸಿ,
ವೈರಿಂಗ್ ಪಾಠ ಹೇಳಿದ ಒಬ್ಬ ಮೇಷ್ಟ್ರು